ಚಿಕ್ಕಬೆಟ್ಟ, ದೊಡ್ಡಬೆಟ್ಟ

ಬೆಳಗೊಳದಲ್ಲಿ ನಮಗೆ ಅಡ್ಡಹೆಸರು ಹುಡುಕಲು
ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.
ಕಲ್ಯಾಣಿಯ ಆಚೆಗೊಂದು ಈಚೆಗೊಂದು
ಹೆಸರುಗಳು ಆಗಲೇ ಕೂತಿದ್ದವು:
ಜವರಯ್ಯ ದೊಡ್ಡಬೆಟ್ಟ, ನಾನು ಚಿಕ್ಕಬೆಟ್ಟ.

ಅವನ ಭುಜ ನನ್ನ ಕಿವಿಗಿಂತ ಮೇಲೆ.
ಡೋಲಿ ಹೊರಲು ಇಂಥ ಜೋಡಿ ಯಾರು ತಾನೇ ಕಟ್ಟುತ್ತಾರೆ?
ಮೊದಲ ದಿನ ಗೊತ್ತಿಲ್ಲದೆ ಅವನನ್ನು ಮುಂದಿಟ್ಟರು.
ಮೂವತ್ತು ಮೆಟ್ಟಿಲು ಏರುವಷ್ಟರಲ್ಲಿ
ತುಮಕೂರಿನ ಅಜ್ಜಿಯೊಬ್ಬರು ಕುರ್ಚಿ ಸಮೇತ ಹಿಂದಕ್ಕೆ ವಾಲಿ ವಾಲಿ
ತಲೆಕೆಳಗಾಗಿ ನನ್ನ ಮುಖ ನೋಡಿ
"ನಿನ್ನ ಹೆಸರೇನಪ್ಪ?" ಅಂದರು.
"ಚನ್ನಿಗ, ತಾಯಿ. ಗಟ್ಟಿಯಾಗಿ ಹಿಡ್ಕೊಳ್ಳಿ."

ಆಮೇಲೆ ಕಲಿತೆವು.
ಏರುವಾಗ ಮುಂಗೊಂಬಿಗೆ ಗಿಡ್ಡರು, ನಾನೂ ಹುಚ್ಚಯ್ಯನೂ;
ಹಿಂಗೊಂಬಿಗೆ ಜವರಯ್ಯ, ಅವನ ಷಡ್ಡಕ.
ಇಳಿಯುವಾಗ ಡೋಲಿ ತಿರುಗಿಸುವುದಿಲ್ಲ,
ನಾವೇ ತಿರುಗುತ್ತೇವೆ.
ಉದ್ದದವರು ಯಾವತ್ತೂ ತಗ್ಗಿಗೆ, ಅಷ್ಟೇ ಲೆಕ್ಕ.
ಕೂತವರು ಬೆಟ್ಟಕ್ಕೆ ಮುಖ ಮಾಡಿಕೊಂಡು ಹಿಮ್ಮುಖ ಇಳಿಯುತ್ತಾರೆ;
ಯಾಕೆ ಅಂತ ಕೇಳಿದರೆ
ಸ್ವಾಮಿಗೆ ಬೆನ್ನು ತೋರಿಸಬಾರದಲ್ವಾ, ಅನ್ನುತ್ತೇನೆ.
ಒಪ್ಪಿ ಕೈಮುಗಿಯುತ್ತಾರೆ.

ಬಂಡೆಗೆ ಮೆಟ್ಟಿಲು ಕಡಿದವರು
ಯಾರ ಕಾಲು ಅಳೆದು ಕಡಿದರೋ,
ಒಂದು ಮೆಟ್ಟಿಲಿಗೆ ಒಂದೇ ಹೆಜ್ಜೆ, ಅವನಿಗೂ ನನಗೂ.
ಹನ್ನೊಂದು ಗಂಟೆಗೆ ಕಲ್ಲು ಕಾದು ಹಂಚಾದಾಗ
ಹಿಂದಿನಿಂದ ಅವನ "ಹೂಂ",
ಮುಂದಿನಿಂದ ನನ್ನ "ಹೂಂ",
ನಡುವೆ ಯಾರದೋ ತೂಕ, ಯಾರದೋ ಹರಕೆ.
ಮೇಲಿರುವ ಸ್ವಾಮಿಗೇನು,
ಎಲ್ಲರಿಗಿಂತ ಎತ್ತರ, ಒಬ್ಬನೇ.
ನಿಂತಲ್ಲೇ ನಿಂತವನಿಗೆ
ಪಕ್ಕದವನ ಹೆಜ್ಜೆಯ ಉಸಾಬರಿ ಇಲ್ಲ.

ಕಷ್ಟ ಶುರುವಾಗುವುದು ಕೆಳಗೆ, ಸಮನೆಲದಲ್ಲಿ.
ಸಂಜೆ ಕಾಲ್ಚೀಲ ಮಾರುವವಳ ಹತ್ತಿರ ಚಿಲ್ಲರೆ ಮಾಡಿಸಿ
ಬಾಡಿಗೆ ಹಂಚಿಕೊಂಡು
ಮೂರು ಮೈಲಿ ಊರಿಗೆ ನಡೆಯುವಾಗ
ಅವನದೊಂದು ಹೆಜ್ಜೆ, ನನ್ನದು ಒಂದೂವರೆ.
ಆ ಅರ್ಧವನ್ನು ಎಲ್ಲಿಡುವುದು?
ಓಡಿದರೆ ನಾಯಿಮರಿ,
ಹಿಂದೆ ಬಿದ್ದರೆ ಸಾಲ ವಸೂಲಿಗೆ ಬಂದವನು.
ಮಳೆ ಬಂದರಂತೂ ಒಂದೇ ಕೊಡೆ:
ಅವನು ಹಿಡಿದರೆ ನಾನು ನೆನೆಯಬೇಕು,
ನಾನು ಹಿಡಿದರೆ ಅವನ ತಲೆಗೆ ಕಡ್ಡಿ ತಿವಿಯಬೇಕು.
ಮಡಚಿ ಕಂಕುಳಿಗಿಟ್ಟು ಇಬ್ಬರೂ ನೆನೆದೆವು.

ಕೆರೆ ಏರಿಯ ಮೇಲೆ ಗಾಡಿಜಾಡಿನ ತಗ್ಗು ಅವನು ಹಿಡಿದ,
ಅಂಚಿನ ದಿಬ್ಬ ನನಗೆ ಬಿಟ್ಟ.
ಬಾಯಿಬಿಟ್ಟು ಏನೂ ಅನ್ನಲಿಲ್ಲ.
ಅಷ್ಟಾದರೂ ಮುಂದೆ ಹೋಗಿಬಿಡುವನು;
ಆಗ ತೂಬಿನ ಹತ್ತಿರ ಅವನಿಗೆ ಮುಳ್ಳು ಚುಚ್ಚುತ್ತಿತ್ತು.
ದಿನಾ. ಅದೇ ತೂಬು, ಅದೇ ಎಡಗಾಲು.
ಕಲ್ಲಿಗೆ ಕೈ ಊರಿ, ಕೊಕ್ಕರೆ ಹಾಗೆ ಒಂಟಿಕಾಲಲ್ಲಿ ನಿಂತು
ಅಂಗಾಲು ನೋಡಿಕೊಳ್ಳುವನು
ನಾನು ಬಂದು ಸೇರುವವರೆಗೆ.
ಬೇಸಿಗೆಯಲ್ಲಿ, ಸೋನೆಯಲ್ಲಿ,
ಹೊಸ ಚಪ್ಪಲಿ ಕೊಂಡ ವರ್ಷವೂ.
ಹನ್ನೆರಡು ವರ್ಷ
ಆ ಮುಳ್ಳನ್ನು ನಾನು ನೋಡಲಿಲ್ಲ, ಕೇಳಲೂ ಇಲ್ಲ.

ಹೋದ ಮಾಗಿಯಲ್ಲಿ ಅವನ ಮಂಡಿ ಕೈಕೊಟ್ಟಿತು.
ಈಗ ಮೆಟ್ಟಿಲ ಬುಡದಲ್ಲಿ ಕೂತು ಚಪ್ಪಲಿ ಕಾಯುತ್ತಾನೆ,
ಜೊತೆ ತಪ್ಪದ ಹಾಗೆ ಜೋಡಿಸಿ.
ಹಿಂಗೊಂಬಿಗೆ ಬಂದ ಹುಡುಗ ಒಳ್ಳೆಯವನೇ,
"ಹೂಂ" ಅನ್ನುವುದಿಲ್ಲ, ಅಷ್ಟೆ.

ಸಂಜೆಯ ದಾರಿಯಲ್ಲಿ ಲೆಕ್ಕ ಉಲ್ಟಾ ಆಗಿದೆ.
ಅವನ ಎರಡು ಹೆಜ್ಜೆ ನನ್ನ ಒಂದಕ್ಕೂ ಸಾಲದು.
ಮೊನ್ನೆ ತೂಬಿನ ಹತ್ತಿರ ನನ್ನ ಕಾಲು ತಾನಾಗೇ ನಿಂತಿತು.
ನಿಧಾನಕ್ಕೆ ಬಂದ.
"ಯಾಕ್ಲಾ?"
"ಮುಳ್ಳು."
"ಎಲ್ಲಿ, ತೋರ್ಸು" ಅಂದವನೇ
ಏರಿಯ ಮಣ್ಣಿಗೆ ಕೈ ಊರಿ, ಮಂಡಿ ಕಟಕಟ ಅನ್ನಿಸಿ
ಇಷ್ಟಿಷ್ಟೇ ಕುಸಿದು ಕೂತು
ನನ್ನ ಪಾದ ತೊಡೆಗೆ ಎಳೆದುಕೊಂಡು
ಇಲ್ಲದ ಮುಳ್ಳನ್ನು ಹುಡುಕತೊಡಗಿದ.

ಅವನ ನೆತ್ತಿ ಕಂಡೆ, ಮೊದಲ ಸಲ.
ನಡುವೆ ಅಂಗೈಯಗಲ ಕೂದಲಿರಲಿಲ್ಲ.
ಹುಣಸೆಬೀಜದಷ್ಟು ಒಂದು ಮಚ್ಚೆ.

ಬಿಡು, ಹೋಯ್ತು, ಅಂದೆ.
ಬಿಡಲಿಲ್ಲ.